ಆಸ್ಪತ್ರೆಯಲ್ಲಿ ನಿಮ್ಮವರ ಪರವಾಗಿ ಎರಡು ಮಾತು



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಅದರ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಬಲ್ಲವರನ್ನು ಕೇಳದೆ ಹಣ ಎಣಿಸುವುದಿಲ್ಲ. ಆದರೆ ಮಡದಿಯನ್ನು ಹೆರಿಗೆಗೆಂದು ಆಸ್ಪತ್ರೆಗೆ ಕರೆತಂದಾಗ ಮಾತ್ರ ನಮ್ಮ ಬಾಯಿ ಕಟ್ಟಿಹೋಗುತ್ತದೆ. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ, ಹೊರಗಿನ ಬೇವಿನ ಮರದ ಕೆಳಗೆ ಹೋಗಿ ಕುಳಿತುಬಿಡುತ್ತೇವೆ. ‘ಓದಿದವರನ್ನು ನಾವು ಕೇಳುವುದುಂಟೆ?’ ಎಂಬ ಸಂಕೋಚ. ವೈದ್ಯನನ್ನು ನಾರಾಯಣನೆಂದು ಭಾವಿಸುವುದು ಹಿರಿಯರು ಕಲಿಸಿದ ಸಂಸ್ಕಾರ, ಅದು ಒಳ್ಳೆಯದೇ. ಆದರೆ ವೈದ್ಯರೂ ದಾದಿಯರೂ ಮನುಷ್ಯರು. ಅವರಿಗೂ ದಣಿವುಂಟು, ಮರೆವುಂಟು. ಆದುದರಿಂದ ಈ ದಿನ ನಿಮ್ಮೊಡನೆ, ಆಸ್ಪತ್ರೆಗಳಲ್ಲಿ ಆಗಬಹುದಾದ ತಪ್ಪುಗಳನ್ನೂ ಅವುಗಳನ್ನು ತಡೆಯಲು ಗಂಡಹೆಂಡಿರು ಏನು ಮಾಡಬಹುದೆಂಬುದನ್ನೂ ಕುರಿತು ಮಾತನಾಡಬಯಸುತ್ತೇನೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಚೊಚ್ಚಲ ಬಸುರಿಯೊಬ್ಬಳನ್ನು ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದಾರೆ. ಮದುವೆಗೆ ಮುಂಚೆ, ತವರಿನಲ್ಲಿ, ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟಾಗ ಆಕೆಯ ಮೈತುಂಬ ದದ್ದು ಎದ್ದು ಉಸಿರು ಕಟ್ಟಿತ್ತು. ತವರಿನವರಿಗೆ ಈ ಸಂಗತಿ ಗೊತ್ತು. ಗಂಡನಿಗೆ ಗೊತ್ತಿಲ್ಲ, ಅತ್ತೆಗೆ ಗೊತ್ತಿಲ್ಲ. ‘ಯಾವುದಾದರೂ ಔಷಧಿ ಒಗ್ಗುವುದಿಲ್ಲವೇನಮ್ಮ?’ ಎಂದು ದಾದಿ ಕೇಳಿದಾಗ, ನೋವಿನ ಭರದಲ್ಲಿ ಆಕೆ ‘ಏನೂ ಇಲ್ಲ’ ಎಂದು ತಲೆಯಾಡಿಸುತ್ತಾಳೆ. ಅದೇ ಜಾತಿಯ ಔಷಧಿಯೊಂದು ಚೀಟಿಯಲ್ಲಿ ಬರೆಯಲ್ಪಡುತ್ತದೆ. ಇಲ್ಲಿ ದುಷ್ಟರು ಯಾರೂ ಇಲ್ಲ. ಆದರೂ ಒಂದು ಜೀವ ಅಪಾಯದ ಅಂಚಿಗೆ ಬಂದು ನಿಂತಿತು. ಕಾರಣವಿಷ್ಟೆ: ಒಬ್ಬರಿಗೆ ಗೊತ್ತಿದ್ದ ಮಾತು ಬೇಕಾದ ಕಿವಿಯನ್ನು ತಲುಪಲಿಲ್ಲ. ಕೇಳುವ ಹೊಣೆ ಆಸ್ಪತ್ರೆಯದು, ನಿಜ. ಆದರೆ ವೈದ್ಯರು ಬಲ್ಲದ್ದು ರೋಗವನ್ನು. ರೋಗಿಯನ್ನು ಬಲ್ಲವರು ನೀವು. ಈ ಎರಡು ತಿಳಿವಳಿಕೆಗಳು ಒಂದುಗೂಡಿದಾಗಲೇ ಚಿಕಿತ್ಸೆ ಕ್ಷೇಮಕರವಾಗುತ್ತದೆ.

ಬಲ್ಲವರೂ ತಪ್ಪಬಹುದೆಂಬುದಕ್ಕೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೇ ಸಾಕ್ಷಿ ಇದೆ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರಿದ್ದರು. ಅವರ ವಿಭಾಗದಲ್ಲಿ 1847ರ ಏಪ್ರಿಲ್ ತಿಂಗಳಲ್ಲಿ ನೂರು ಬಾಣಂತಿಯರಲ್ಲಿ ಸುಮಾರು 18 ಮಂದಿ ಬಾಣಂತಿ ಜ್ವರದಿಂದ ಸತ್ತರು. ಶವಪರೀಕ್ಷೆ ಮಾಡಿದ ಕೈಯಲ್ಲಿಯೇ ವೈದ್ಯರು ಹೆರಿಗೆಯನ್ನೂ ಮಾಡಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡು, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಕಟ್ಟುಮಾಡಿದರು. ಕೆಲವೇ ತಿಂಗಳಲ್ಲಿ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಆ ವೈದ್ಯರೆಲ್ಲ ವಿದ್ವಾಂಸರೇ. ತಮ್ಮ ಕೈಯೇ ಮೃತ್ಯುವನ್ನು ಹೊತ್ತು ತರುತ್ತಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ.

ಇಂದಿನ ವೈದ್ಯರು ಈ ಪಾಠವನ್ನು ಮರೆತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ ಒಂದು ಪರಿಶೀಲನಾ ಪಟ್ಟಿಯನ್ನು ರೂಪಿಸಿತು. ಅರಿವಳಿಕೆ ಕೊಡುವುದಕ್ಕೆ ಮುಂಚೆ ರೋಗಿಯ ಹೆಸರೇನು, ಯಾವ ಶಸ್ತ್ರಚಿಕಿತ್ಸೆ, ಯಾವ ಭಾಗಕ್ಕೆ, ಒಗ್ಗದ ಔಷಧಿ ಯಾವುದು ಎಂಬುದನ್ನು ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಬೇಕೆಂಬುದು ಅದರ ನಿಯಮ. ವೈದ್ಯರೇ ಒಬ್ಬರನ್ನೊಬ್ಬರು ಕೇಳಿ ತಿಳಿಯುವುದು ತಪ್ಪಲ್ಲವೆಂದ ಮೇಲೆ, ನೀವು ಕೇಳುವುದು ಅವಿಧೇಯತೆ ಹೇಗಾದೀತು?

ಹಾಗಾದರೆ ಜೊತೆಗೆ ಹೋಗುವವರ ಕರ್ತವ್ಯಗಳೇನು?

ಮೊದಲನೆಯದು, ತಿಳಿದಿರುವುದು. ಮನೆಯಲ್ಲಿ ದಂಪತಿಗಳಿಬ್ಬರೂ ಒಂದು ಸಂಜೆ ಕುಳಿತು ಒಬ್ಬರ ದೇಹಸ್ಥಿತಿಯನ್ನು ಮತ್ತೊಬ್ಬರು ಕೇಳಿ ತಿಳಿಯಿರಿ. ರಕ್ತದ ಗುಂಪು ಯಾವುದು? ಒಗ್ಗದ ಔಷಧಿ ಯಾವುದು? ಹಿಂದೆ ಆದ ಶಸ್ತ್ರಚಿಕಿತ್ಸೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ದಿನವೂ ನುಂಗುವ ಗುಳಿಗೆ, ಹಿಂದಿನ ಹೆರಿಗೆಯಲ್ಲಿ ಕಂಡ ತೊಂದರೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಾಯಿ ಕಾರ್ಡಿನ ಜೊತೆಗೆ ಇಡಿ. ಬರೆಯಲು ಬಾರದಿದ್ದರೆ ಆಶಾ ಕಾರ್ಯಕರ್ತೆಯಿಂದ ಬರೆಸಿ.

ರಕ್ತದ ಗುಂಪಿನ ವಿಷಯದಲ್ಲಿ ಒಂದು ಎಚ್ಚರಿಕೆ. ತಾಯಿಯದು ನೆಗೆಟಿವ್ ಗುಂಪಾಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಆಂಟಿ-ಡಿ ಎಂಬ ಚುಚ್ಚುಮದ್ದನ್ನು ಕೊಡಿಸಬೇಕು. ಅದು ತಪ್ಪಿದರೆ ಈ ಮಗುವಿಗೆ ಏನೂ ಆಗದಿರಬಹುದು. ಆದರೆ ಮುಂದಿನ ಬಸುರಿನ ಕೂಸಿಗೆ ಪ್ರಾಣಾಪಾಯವಾಗಬಹುದು. ಕೆಲಸದ ನೂಕುನುಗ್ಗಲಿನಲ್ಲಿ ಇದು ಮರೆತುಹೋದರೆ, ನೆನಪಿಸುವ ನಿಮ್ಮ ಒಂದು ಮಾತು ಹುಟ್ಟಲಿರುವ ಮಗುವನ್ನು ಉಳಿಸುತ್ತದೆ.

ಎರಡನೆಯದು, ಹೇಳುವುದು ಮತ್ತು ಕೇಳುವುದು. ವೈದ್ಯರು ಬದಲಾದಾಗ, ಪಾಳಿಯ ದಾದಿ ಬದಲಾದಾಗ, ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಕಳುಹಿಸಿದಾಗ ನಿಮಗೆ ಗೊತ್ತಿರುವುದನ್ನು ಬೇಸರಿಸದೆ ಮತ್ತೆ ಹೇಳಿ. ಹೊಸ ಔಷಧಿ ಬಂದಾಗ ವಿನಯದಿಂದ ಕೇಳಿ: ‘ಇದು ಯಾವ ಔಷಧಿ ತಾಯಿ? ಏತಕ್ಕಾಗಿ? ಇವಳ ಹೆಸರಿಗೇ ಬರೆದದ್ದಷ್ಟೆ?’ ರಕ್ತ ಕೊಡುವ ಮೊದಲು ಚೀಲದ ಮೇಲಿನ ಹೆಸರನ್ನೂ ಗುಂಪನ್ನೂ ರೋಗಿಯ ಕಾಗದದೊಡನೆ ತಾಳೆ ನೋಡಿದರೇ ಎಂದು ವಿಚಾರಿಸಿ. ರಕ್ತ ಏರುತ್ತಿರುವಾಗ ರೋಗಿಗೆ ಚಳಿ, ನಡುಕ, ಸೊಂಟದ ನೋವು, ಏದುಸಿರು ಕಾಣಿಸಿಕೊಂಡರೆ ಕೂಡಲೆ ದಾದಿಯನ್ನು ಕರೆಯಿರಿ. ನೀವಾಗಿಯೇ ನಳಿಕೆಯನ್ನು ಮುಟ್ಟಬೇಡಿ. ಹೇಳಿದ್ದು ಅರ್ಥವಾಗದಿದ್ದರೆ ‘ಇನ್ನೊಂದು ಸಲ ತಿಳಿಯಹೇಳಿ’ ಎನ್ನಲು ನಾಚಬೇಡಿ. ತಿಳಿಯದ ಕಾಗದಕ್ಕೆ ರುಜು ಹಾಕಬೇಡಿ.

ಮೂರನೆಯದು, ಜೊತೆಯಲ್ಲಿರುವುದು. ಹೆರಿಗೆಯ ನಂತರದ ರಕ್ತಸ್ರಾವವು ತಾಯಂದಿರ ಸಾವಿನ ಮುಖ್ಯ ಕಾರಣಗಳಲ್ಲಿ ಒಂದು. ಅದು ವಿಕೋಪಕ್ಕೆ ಹೋದರೆ ಎರಡೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಕೂಸು ಹುಟ್ಟಿತೆಂಬ ಸಂತೋಷದಲ್ಲಿ ಎಲ್ಲರೂ ಕೂಸಿನ ಸುತ್ತ ಸೇರುವ ಹೊತ್ತಿನಲ್ಲಿಯೇ ತಾಯಿಯ ಬಳಿ ಒಬ್ಬರು ಕಣ್ಣಿಟ್ಟು ಕುಳಿತಿರಬೇಕು. ಹಾಸಿದ ಬಟ್ಟೆ ಬೇಗಬೇಗನೆ ನೆನೆಯುತ್ತಿದ್ದರೆ, ಆಕೆಗೆ ತಲೆಸುತ್ತು, ತಣ್ಣನೆಯ ಬೆವರು ಬಂದರೆ, ‘ಬಾಣಂತಿ ಮಲಗಿದ್ದಾಳೆ’ ಎಂದು ಸುಮ್ಮನಿರದೆ ಆ ಕ್ಷಣವೇ ಕೂಗಿ ಕರೆಯಿರಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು ಇವೂ ಅಪಾಯದ ಸೂಚನೆಗಳೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಒಬ್ಬ ಜೊತೆಗಾತಿಯನ್ನು ಇರಗೊಡಬಹುದೆಂದು ಕೇಂದ್ರ ಸರ್ಕಾರವು 2016ರಲ್ಲಿ ತಿಳಿಸಿದೆ. ಹೆತ್ತು ಅನುಭವವಿರುವ, ಧೈರ್ಯವಾಗಿ ಮಾತನಾಡಬಲ್ಲ ಒಬ್ಬ ಹೆಂಗಸನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಕುಟುಂಬ ಕಲ್ಯಾಣದ ಶಸ್ತ್ರಚಿಕಿತ್ಸೆಗೂ ಈ ಮಾತುಗಳೆಲ್ಲ ಅನ್ವಯಿಸುತ್ತವೆ. ಇದನ್ನು ಮುಚ್ಚಿಡುವುದು ಸರಿಯಲ್ಲ. 2014ರ ನವೆಂಬರ್ ತಿಂಗಳಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳ ಅವಧಿಯಲ್ಲಿ 83 ಸ್ತ್ರೀಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಒಂದು ತಂಡವು ದಿನವೊಂದಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದೆಂಬ ನಿಯಮವನ್ನು ಅಲ್ಲಿ ಮೀರಲಾಗಿತ್ತು. ಆ ಜಿಲ್ಲೆಯ ಶಿಬಿರಗಳಿಗೆ ಹೋದವರ ಪೈಕಿ 13 ಮಂದಿ ತಾಯಂದಿರು ಮರಳಿ ಬರಲಿಲ್ಲ. ಮೂರು ವರ್ಷಗಳೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಆದುದರಿಂದ ಯಾರ ಒತ್ತಾಯಕ್ಕೂ ಅವಸರಕ್ಕೂ ಒಪ್ಪಬೇಡಿ. ಮುಂಚೆ ತಪಾಸಣೆ ಆಯಿತೇ, ನಂತರ ವಿಶ್ರಾಂತಿಗೆ ಹಾಸಿಗೆ ಉಂಟೇ, ಜ್ವರವೋ ಹೊಟ್ಟೆನೋವೋ ಬಂದರೆ ಯಾರನ್ನು ಕಾಣಬೇಕು ಎಂದು ಕೇಳಿ. ಗಂಡಸರ ಶಸ್ತ್ರಚಿಕಿತ್ಸೆಯು ಹೆಂಗಸರದಕ್ಕಿಂತ ಸುಲಭವೂ ಕ್ಷೇಮಕರವೂ ಆದದ್ದೆಂಬುದನ್ನು ಗಂಡಂದಿರು ನೆನಪಿಡಬೇಕು. ಹೆಂಡತಿಯ ಮೇಲಿನ ಅಕ್ಕರೆಯನ್ನು ತೋರಲು ಇದಕ್ಕಿಂತ ನೇರವಾದ ದಾರಿ ಯಾವುದು?

ಎಷ್ಟು ಎಚ್ಚರವಿದ್ದರೂ ತಪ್ಪು ನಡೆದುಹೋಗಬಹುದು. ಆಗ ಕೈಯೆತ್ತಬೇಡಿ, ಕಲ್ಲೆತ್ತಬೇಡಿ. ಆಸ್ಪತ್ರೆಯ ಮೇಲೆ ಹಲ್ಲೆ ಮಾಡುವುದು ನಮ್ಮ ರಾಜ್ಯದಲ್ಲಿ 2009ರ ಕಾಯಿದೆಯ ಪ್ರಕಾರ ಅಪರಾಧ. ಅಲ್ಲದೆ, ಅದೇ ಆಸ್ಪತ್ರೆಯಲ್ಲಿ ಮತ್ತೊಬ್ಬರ ಮಡದಿ ಚಿಕಿತ್ಸೆಗಾಗಿ ಕಾದಿರುತ್ತಾಳೆ. ಮೊದಲು ರೋಗಿಯ ಪ್ರಾಣ ನೋಡಿಕೊಳ್ಳಿ. ಬೇಕಾದರೆ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂದು ಕೇಳಿ. ಏನಾಯಿತು, ಎಷ್ಟು ಗಂಟೆಗೆ, ಯಾರು ಏನೆಂದರು ಎಂಬುದನ್ನು ಬರೆದಿಡಿ. ಚಿಕಿತ್ಸೆಯ ದಾಖಲೆಯನ್ನು ರೋಗಿ ಅಥವಾ ಆತನ ಪರವಾದ ಅಧಿಕೃತರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿನಿಯಮವು 2002ರಿಂದ ವಿಧಿಸಿದೆ. ಆ ಬಳಿಕ ಆಸ್ಪತ್ರೆಯ ಮುಖ್ಯಸ್ಥರಿಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದೂರು ಸೇಡಿಗಾಗಿ ಅಲ್ಲ. ಮುಂದೆ ಆ ಹಾಸಿಗೆಯಲ್ಲಿ ಮಲಗುವವರಿಗಾಗಿ.

ಪ್ರಿಯ ದಂಪತಿಗಳೇ, ಕೈ ಹಿಡಿದವರನ್ನು ಕಷ್ಟದಲ್ಲಿ ಬಿಡೆವೆಂದು ನೀವು ಹಿರಿಯರ ಮುಂದೆ ನಡೆದುಕೊಂಡ ಗಳಿಗೆಯೊಂದಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ನೋವಿನಿಂದ ಮಾತು ನಿಂತವರಿಗೆ ನೀವೇ ನಾಲಿಗೆ, ನೀವೇ ಕಣ್ಣು. ಇಂದು ಮನೆಗೆ ಹೋದ ಮೇಲೆ ಒಬ್ಬರನ್ನೊಬ್ಬರು ಕೇಳಿ: ‘ನಿನಗೆ ಒಗ್ಗದ ಔಷಧಿ ಯಾವುದು? ನಿನ್ನ ರಕ್ತ ಯಾವ ಗುಂಪು?’ ಉತ್ತರ ಗೊತ್ತಿಲ್ಲದಿದ್ದರೆ ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತಿಳಿದುಬನ್ನಿ. ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗಲಿ, ತೂಗುವ ಕೈ ಗಟ್ಟಿಯಾಗಿರಲಿ ಎಂದು ಹಾರೈಸುತ್ತೇನೆ.