ಉಬ್ಬಸದ ನಿರಂತರ ಚಿಕಿತ್ಸೆ: ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪಗಳ ವಿಷಯದಲ್ಲಿ ತಮ್ಮ ವಾರ್ಡಿನ ಸ್ಥಿತಿಗತಿ ತಮಗೆ ಬಾಯಿಪಾಠವಾಗಿರುತ್ತದೆ. ಆದರೆ ಅದೇ ವಾರ್ಡಿನಲ್ಲಿ ಉಬ್ಬಸದಿಂದ ಬಳಲುವವರು ಎಷ್ಟು ಮಂದಿ, ಅವರಲ್ಲಿ ನಿತ್ಯವೂ ಔಷಧ ತೆಗೆದುಕೊಳ್ಳುವವರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಸಿಗುವುದು ವಿರಳ. ಕೆಲವು ಸೀಮೆಗಳಲ್ಲಿ ಗೂರಲು ಎಂದೂ ಕೆಲವೆಡೆ ದಮ್ಮು ಎಂದೂ ಕರೆಯಲ್ಪಡುವ ಅಸ್ತಮಾ ರೋಗವು ಸದ್ದಿಲ್ಲದೆ ಜನರ ದುಡಿಮೆಯನ್ನು, ಮಕ್ಕಳ ಓದನ್ನು, ಕೆಲವೊಮ್ಮೆ ಪ್ರಾಣವನ್ನೂ ಕಸಿದುಕೊಳ್ಳುತ್ತಿದೆ.

2019ರ ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಜಗತ್ತಿನ ಒಟ್ಟು ರೋಗಿಗಳಲ್ಲಿ ನಮ್ಮ ಪಾಲು ಶೇಕಡಾ 13ರಷ್ಟು. ಆದರೆ ಅಸ್ತಮಾದಿಂದ ಸಂಭವಿಸುವ ಮರಣಗಳಲ್ಲಿ ನಮ್ಮ ಪಾಲು ಶೇಕಡಾ 40ಕ್ಕೂ ಅಧಿಕ. ಈ ಎರಡು ಅಂಕಿಗಳ ನಡುವಣ ಅಂತರವನ್ನು ತಾವು ಗಮನಿಸಬೇಕು. ರೋಗವನ್ನು ಹತೋಟಿಯಲ್ಲಿಡುವ ಔಷಧ ಇದ್ದರೂ ಅದು ರೋಗಿಯನ್ನು ತಲುಪುತ್ತಿಲ್ಲ, ತಲುಪಿದರೂ ಮುಂದುವರಿಯುತ್ತಿಲ್ಲ ಎಂಬುದೇ ಈ ಅಂತರಕ್ಕೆ ಮುಖ್ಯ ಕಾರಣ.

ಈ ರೋಗದ ಸ್ವರೂಪವನ್ನು ಸರಳವಾಗಿ ಹೇಳುತ್ತೇನೆ. ಉಬ್ಬಸದವರ ಶ್ವಾಸನಾಳದ ಒಳಪದರದಲ್ಲಿ ಸದಾ ಉರಿಯೂತವಿರುತ್ತದೆ. ಹೊಗೆ, ಧೂಳು, ಪರಾಗ, ಥಂಡಿಗಾಳಿ, ನೆಗಡಿ ಇವುಗಳಲ್ಲಿ ಯಾವುದಾದರೂ ತಾಕಿದಾಗ ನಾಳದ ಸುತ್ತಲಿನ ಸ್ನಾಯು ಬಿಗಿದುಕೊಂಡು ದಾರಿ ಕಿರಿದಾಗುತ್ತದೆ. ಎದೆಯಲ್ಲಿ ಸುಯ್ಯೆಂಬ ಸದ್ದು ಬರುತ್ತದೆ. ಹೀಗೆ ತೊಂದರೆ ಎರಡು ಬಗೆಯದಾದುದರಿಂದ ಔಷಧವೂ ಎರಡು ಬಗೆಯದು. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಇದು ಉಪಶಮನದ ಔಷಧ. ಬುಡೆಸೊನೈಡ್ ಅಥವಾ ಬೆಕ್ಲೊಮೆಥಾಸೋನ್ ಎಂಬ, ಉಸಿರಿನೊಡನೆ ಸೇದುವ ಸ್ಟೀರಾಯ್ಡ್ ಒಳಗಿನ ಉರಿಯೂತವನ್ನು ತಗ್ಗಿಸುತ್ತದೆ. ಇದು ನಿಯಂತ್ರಣದ ಔಷಧ. ಮೊದಲನೆಯದರ ಸುಖ ಕೂಡಲೇ ಅನುಭವಕ್ಕೆ ಬರುತ್ತದೆ. ಎರಡನೆಯದರ ಫಲ ಕಾಣಲು ದಿನಗಳು, ವಾರಗಳು ಬೇಕು; ಆದರೆ ಜೀವ ಕಾಯುವುದು ಎರಡನೆಯದೇ.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಉಸಿರು ಕಟ್ಟಿದಾಗ ರೋಗಿಯನ್ನು ಆಸ್ಪತ್ರೆಗೆ ಕರೆತರುತ್ತಾರೆ. ನೆಬ್ಯುಲೈಸರ್ ಮೂಲಕ ಔಷಧ ಕೊಡಲಾಗುತ್ತದೆ, ಒಂದು ಚುಚ್ಚುಮದ್ದು, ಕೆಲವು ಮಾತ್ರೆ. ಉಸಿರು ಸಲೀಸಾಯಿತೆಂದು ಮನೆಗೆ ಹೋಗುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಥೆ. ಬೆಂಕಿ ಹತ್ತಿದಾಗಲೆಲ್ಲ ನೀರು ಎರಚುತ್ತೇವೆ, ಒಳಗಿನ ಕೆಂಡವನ್ನು ಆರಿಸುವುದಿಲ್ಲ. ಅಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ‘ಜೀನಾ’ ಇದೇ ಕಾರಣಕ್ಕಾಗಿ 2019ರಲ್ಲಿ ತನ್ನ ನಿಲುವನ್ನು ಬದಲಿಸಿ, ವಯಸ್ಕರಿಗೂ ಹದಿಹರೆಯದವರಿಗೂ ಕೇವಲ ಉಪಶಮನದ ಔಷಧವನ್ನಷ್ಟೇ ನೀಡಿ ಚಿಕಿತ್ಸೆ ಮುಗಿಸಬಾರದೆಂದು ಹೇಳಿತು.

ಇನ್ಹೇಲರ್ ಬಗ್ಗೆ ಊರಲ್ಲಿರುವ ಭಯಗಳನ್ನು ತಾವು ಬಲ್ಲಿರಿ. ಅದು ಚಟವಾಗುತ್ತದೆ, ಅದು ಕೊನೆಯ ಹಂತದ ಔಷಧ, ಸ್ಟೀರಾಯ್ಡ್ ಮೈಗೆ ಕೆಡುಕು ಎಂಬ ಮಾತುಗಳು ಚಾಲ್ತಿಯಲ್ಲಿವೆ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಇನ್ಹೇಲರಿನ ಒಂದು ಸೇದುವಿಕೆಯಲ್ಲಿ 100 ಮೈಕ್ರೋಗ್ರಾಂ ಸಾಲ್ಬುಟಮಾಲ್ ಇದ್ದರೆ, 4 ಮಿಲಿಗ್ರಾಂ ಮಾತ್ರೆಯೊಂದರಲ್ಲಿ ಅದರ 40 ಪಟ್ಟು ಇರುತ್ತದೆ. ಮಾತ್ರೆ ಹೊಟ್ಟೆಗಿಳಿದು ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ, ಕೈ ನಡುಗಿಸುತ್ತದೆ. ಸೇದಿದ ಔಷಧ ನೇರವಾಗಿ ಶ್ವಾಸನಾಳವನ್ನು ತಲುಪುತ್ತದೆ. ಸ್ಟೀರಾಯ್ಡ್ ಸೇದಿದ ನಂತರ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ತೊಂದರೆಯೂ ಕಡಿಮೆಯಾಗುತ್ತದೆ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳು ಇನ್ಹೇಲರನ್ನು ಬಟ್ಟೆಗಳ ನಡುವೆ ಬಚ್ಚಿಟ್ಟುಕೊಳ್ಳುವ ಪರಿಸ್ಥಿತಿ ಇರುವವರೆಗೆ ವೈದ್ಯರ ಚೀಟಿಯಿಂದಷ್ಟೇ ಪ್ರಯೋಜನವಿಲ್ಲ. ಈ ಸಂಕೋಚವನ್ನು ಕಳೆಯಲು ತಮ್ಮ ಮಾತಿಗೆ ಇರುವ ತೂಕ ನಮ್ಮ ಭಿತ್ತಿಪತ್ರಗಳಿಗೆ ಇಲ್ಲ.

ಮೃಗಶಿರ ಮಳೆ ಕೂಡುವ ದಿನ ಉಬ್ಬಸದ ಔಷಧಕ್ಕಾಗಿ ದೂರದೂರಿಗೆ ಹೋಗುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ನಂಬಿಕೆಯನ್ನು ಹೀಯಾಳಿಸುವುದರಿಂದ ಫಲವಿಲ್ಲ. ಒಂದು ದಿನದ ಔಷಧದಿಂದ ವರ್ಷವಿಡೀ ಇರುವ ಉರಿಯೂತ ಅಡಗುವುದಿಲ್ಲವೆಂಬುದನ್ನೂ, ನಿತ್ಯದ ಇನ್ಹೇಲರನ್ನು ಅದಕ್ಕಾಗಿ ನಿಲ್ಲಿಸಕೂಡದೆಂಬುದನ್ನೂ ಮಾತ್ರ ಸ್ಪಷ್ಟವಾಗಿ ತಿಳಿಸಬೇಕು.

ಹಾಗಾದರೆ ಗ್ರಾಮ ಪಂಚಾಯತಿ ಮಾಡಬಹುದಾದುದೇನು? ಐದು ಕಾರ್ಯಗಳನ್ನು ತಮ್ಮ ಮುಂದಿಡುತ್ತೇನೆ.

ಒಂದನೆಯದು, ಔಷಧದ ದಾಸ್ತಾನು. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ‘ಔಷಧ ಇದೆಯೇ’ ಎಂದಷ್ಟೇ ಕೇಳಬೇಡಿ. ‘ಸ್ಟೀರಾಯ್ಡ್ ಇನ್ಹೇಲರ್ ಎಷ್ಟಿವೆ, ಎಷ್ಟು ತಿಂಗಳಿಗೆ ಸಾಕು, ವಾರ್ಷಿಕ ಬೇಡಿಕೆ ಪಟ್ಟಿಯಲ್ಲಿ ಎಷ್ಟು ಕೇಳಲಾಗಿದೆ’ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ. ಕೊರತೆಯಿದ್ದಲ್ಲಿ ಸಮಿತಿಯ ನಿಧಿಯಿಂದ ನಿಯಮಾನುಸಾರ ಖರೀದಿಸುವ ಬಗ್ಗೆ ಚರ್ಚಿಸಿ.

ಎರಡನೆಯದು, ಸರಳ ಸಲಕರಣೆ. ಊದುವ ಉಸಿರಿನ ವೇಗವನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದಕ್ಕೆ ವಿದ್ಯುತ್ ಬೇಡ. ಇನ್ಹೇಲರಿಗೆ ಜೋಡಿಸುವ ಸ್ಪೇಸರ್ ಇದ್ದರೆ ಮಕ್ಕಳೂ ವೃದ್ಧರೂ ಔಷಧವನ್ನು ಸುಲಭವಾಗಿ ಸೇದಬಲ್ಲರು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಸರಿಯಾಗಿ ತಯಾರಿಸಿದ ಸ್ಪೇಸರ್ ಕೂಡ ಮಕ್ಕಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಕರೆಂಟು ಹೋದಾಗ ನೆಬ್ಯುಲೈಸರ್ ನಿಲ್ಲುತ್ತದೆ, ಸ್ಪೇಸರ್ ನಿಲ್ಲುವುದಿಲ್ಲ.

ಮೂರನೆಯದು, ಪಟ್ಟಿ ಮತ್ತು ಅನುಸರಣೆ. ರಕ್ತದೊತ್ತಡ, ಮಧುಮೇಹಗಳ ರೋಗಿಗಳಂತೆ ಉಬ್ಬಸದವರ ಪಟ್ಟಿಯೂ ಆಶಾ ಕಾರ್ಯಕರ್ತೆಯರ ಬಳಿ ಇರಲಿ. ಔಷಧ ಮುಗಿದರೂ ಬಾರದವರ ಮನೆಗೆ ಭೇಟಿ ನೀಡಲಿ. ಎರಡು ವಾರ ಮೀರಿದ ಕೆಮ್ಮಿರುವವರ ಕಫವನ್ನು ಕ್ಷಯರೋಗಕ್ಕಾಗಿ ಪರೀಕ್ಷಿಸುವುದು ಕಡ್ಡಾಯವಾಗಿ ನಡೆಯಲಿ. ಎಲ್ಲ ದಮ್ಮೂ ಅಸ್ತಮಾ ಅಲ್ಲ.

ನಾಲ್ಕನೆಯದು, ಗಾಳಿ. ಕಸಕ್ಕೆ ಬೆಂಕಿ ಹಚ್ಚುವುದನ್ನು ತಡೆಯುವುದು ಸಂಪೂರ್ಣವಾಗಿ ತಮ್ಮ ಕೈಯಲ್ಲಿದೆ. ಶಾಲೆ, ಅಂಗನವಾಡಿಗಳ ಸುತ್ತಲಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸಿ. ಕೀಳುವವರು ಕೈಗವಸು, ಮುಖಗವಸು ಧರಿಸಲಿ. ಅನಿಲ ಸಂಪರ್ಕವಿದ್ದರೂ ಸಿಲಿಂಡರ್ ತುಂಬಿಸಲಾಗದೆ ಸೌದೆ ಒಲೆಗೆ ಮರಳಿದ ಮನೆಗಳನ್ನು ಗುರುತಿಸಿ.

ಐದನೆಯದು, ತುರ್ತು ಸಿದ್ಧತೆ. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಉಪಶಮನದ ಇನ್ಹೇಲರ್ ಸೇದಿದರೂ ಉಸಿರು ಹಿಡಿತಕ್ಕೆ ಬಾರದಿದ್ದರೆ ಬೆಳಗಾಗಲೆಂದು ಕಾಯಬಾರದು. ರೋಗಿಯನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ವೈದ್ಯರು ಕಲಿಸಿದಂತೆ ಇನ್ಹೇಲರ್ ನೀಡುತ್ತಾ 108ಕ್ಕೆ ಕರೆ ಮಾಡಬೇಕು. ಈ ಮಾತು ಪ್ರತಿ ಗ್ರಾಮಸಭೆಯಲ್ಲಿಯೂ ಕೇಳಿಬರಲಿ.

ಸದಸ್ಯ ಬಂಧುಗಳೇ, ಇವುಗಳಲ್ಲಿ ದೊಡ್ಡ ಅನುದಾನವನ್ನು ಬೇಡುವ ಕೆಲಸ ಒಂದೂ ಇಲ್ಲ. ಬೇಕಾದುದು ತಿಂಗಳು ತಿಂಗಳೂ ತಪ್ಪದೆ ವಿಚಾರಿಸುವ ಶ್ರದ್ಧೆ. ಉಬ್ಬಸವನ್ನು ಪೂರ್ಣವಾಗಿ ಗುಣಪಡಿಸಲಾಗದಿದ್ದರೂ ಹತೋಟಿಯಲ್ಲಿಟ್ಟುಕೊಂಡವರು ಹೊಲ ಉಳಬಲ್ಲರು, ಶಾಲೆಗೆ ಓಡಬಲ್ಲರು, ರಾತ್ರಿ ನೆಮ್ಮದಿಯಿಂದ ನಿದ್ರಿಸಬಲ್ಲರು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲು ಮೀಸಲಿಡಬೇಕೆಂದು ಕೋರಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.