ಸೋತವರ ಮುಂದೆ ಮೈಕು ಹಿಡಿಯುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ‘ಕ್ರೀಡೆ ಮತ್ತು ಮಾಧ್ಯಮ’ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಗೆ ಎಂಟನೆಯ ತರಗತಿಗೆ ಸೇರಿದಾಗ ನಮ್ಮದು ರಾಯಚೂರು ಜಿಲ್ಲೆ. ಕಂಪೌಂಡ್ ಇರಲಿಲ್ಲ. ಹಿಂದಿನ ಬಯಲಿನಲ್ಲಿ ಎರಡು ಕಂಬ ನೆಟ್ಟು, ಸುಣ್ಣದ ಗೆರೆ ಹಾಕಿ ಖೋಖೋ ಆಡುತ್ತಿದ್ದೆವು. ಆಟಕ್ಕೆ ಮುಂಚೆ ಜಾಲಿ ಮುಳ್ಳು ಆರಿಸುವುದು ನಮ್ಮ ಕೆಲಸ. ಗೆದ್ದರೆ ಮರುದಿನ ಪ್ರಾರ್ಥನೆಯಲ್ಲಿ ಚಪ್ಪಾಳೆ, ಸೋತರೆ ಏನೂ ಇಲ್ಲ. ಹೇಗೆ ಗೆದ್ದಿರಿ, ಯಾಕೆ ಸೋತಿರಿ ಎಂದು ಕೇಳಲು ಯಾರೂ ಬರುತ್ತಿರಲಿಲ್ಲ. ಹಾಗೆ ಕೇಳುವ ಕೆಲಸಕ್ಕೆ ಮುಂದೆ ನಾನೇ ಸೇರಿದೆ. ಪತ್ರಿಕೆಯೊಂದಕ್ಕೆ ಬಹಳ ವರ್ಷ ತಾಲ್ಲೂಕಿನ ವರದಿಗಾರನಾಗಿದ್ದೆ. ಅದಕ್ಕೇ ಸಂಘಟಕರು ನನಗೆ ಈ ವಿಷಯ ಕೊಟ್ಟಿದ್ದಾರೆ.

ಮೊದಲು ನನ್ನದೊಂದು ತಪ್ಪು ಹೇಳಿಬಿಡುತ್ತೇನೆ.

1997ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಅದಾದ ಒಂದೆರಡು ವರ್ಷಕ್ಕೆ ಕೊಪ್ಪಳದಲ್ಲಿ ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟ. ಬಾಲಕಿಯರ ಖೋಖೋದಲ್ಲಿ ನಮ್ಮ ಶಾಲೆಯ ತಂಡ ಕೊನೆಯ ಪಂದ್ಯಕ್ಕೆ ಬಂದಿತ್ತು. ಎದುರಿಗೆ ಗಂಗಾವತಿ ತಾಲ್ಲೂಕಿನ ತಂಡ. ಕೊನೆಯ ನಿಮಿಷದಲ್ಲಿ ನಮ್ಮ ಹುಡುಗಿಯೊಬ್ಬಳು ಖೋ ಕೊಡುವಾಗ ಫೌಲ್ ಮಾಡಿದಳು. ಅಷ್ಟರಲ್ಲಿ ಸೀಟಿ ಊದಿತು. ಒಂದು ಅಂಕದಿಂದ ಸೋತೆವು. ಆ ಹುಡುಗಿ ಕಂಬ ಹಿಡಿದುಕೊಂಡು ಅಳುತ್ತಿದ್ದಳು. ನಾನು ಕ್ಯಾಮೆರಾ ತಗೊಂಡು ಓಡಿಹೋಗಿ ಫೋಟೋ ತೆಗೆದೆ. “ನಿನ್ನಿಂದಲೇ ಸೋತಂಗಾತಲ್ಲ, ಏನ್ ಅನಸ್ತೈತಿ?” ಎಂದು ಕೇಳಿದೆ. ಅವಳು ಹೇಳಿದ್ದು ಒಂದೇ ಮಾತು: “ನಮ್ಮಪ್ಪಗ ಗೊತ್ತಾಗಬಾರದ್ರಿ.” ಅದು ನನ್ನ ಕಿವಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ. ಹೆಸರು, ಊರು, ಫೋಟೋ ಸಮೇತ ಸುದ್ದಿ ಕಳಿಸಿದೆ. ಅಚ್ಚಾಯಿತು. ಅವಳು ಆಡಲು ಬಂದದ್ದೇ ಮನೆಯಲ್ಲಿ ಗೊತ್ತಿರಲಿಲ್ಲವಂತೆ. ಮುಂದೆ ಅವಳು ಮೈದಾನಕ್ಕೆ ಬರಲಿಲ್ಲ.

ನಮ್ಮ ದೈಹಿಕ ಶಿಕ್ಷಕರು ಸಂತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ ಕೇಳಿದರು: “ಸೋತದ್ದು ತಂಡೋ ತಮ್ಮಾ, ಅಕಿ ಅಲ್ಲ. ಅಕಿ ಹೆಸರು ಯಾಕ ಹಾಕಿದಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆಟಗಾರರು ಮಾಧ್ಯಮದ ಮುಂದೆ ಮಾತಾಡಲೇಬೇಕೆ ಎಂಬ ಪ್ರಶ್ನೆ ನನಗೆ ಅಂದಿನಿಂದ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ.

ಈಗ ದೊಡ್ಡ ಆಟದ ಮಾತಿಗೆ ಬರೋಣ. ವೃತ್ತಿಪರ ಆಟಗಾರರಿಗೆ ಇದೊಂದು ಕರಾರು. ಟೆನಿಸ್‌ನ ಗ್ರ್ಯಾಂಡ್ ಸ್ಲಾಂ ಪಂದ್ಯಾವಳಿಗಳಲ್ಲಿ ಆಟಗಾರ ಗೆಲ್ಲಲಿ, ಸೋಲಲಿ, ಕರೆದರೆ ಪತ್ರಿಕಾಗೋಷ್ಠಿಗೆ ಬರಬೇಕು. ತಪ್ಪಿಸಿದರೆ ದಂಡ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಆಡಿದ್ದೂ ಇದೇ ನಿಯಮದ ಕೆಳಗೆ. 2021ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ಜಪಾನಿನ ನವೋಮಿ ಒಸಾಕಾ ಈ ನಿಯಮಕ್ಕೆ ಒಲ್ಲೆ ಎಂದಳು. ಆಗ ಅವಳು ಜಗತ್ತಿನ ಎರಡನೆಯ ಕ್ರಮಾಂಕದ ಆಟಗಾರ್ತಿ, ವಯಸ್ಸು 23. ಸೋತು ಕೂತವರನ್ನು ಕೆದಕುವ ಪ್ರಶ್ನೆಗಳಿಂದ ಮನಸ್ಸಿಗೆ ಪೆಟ್ಟಾಗುತ್ತದೆ ಎಂಬುದು ಅವಳ ಕಾರಣ. ಮೊದಲ ಸುತ್ತು ಗೆದ್ದಳು, ಗೋಷ್ಠಿಗೆ ಹೋಗಲಿಲ್ಲ. 15 ಸಾವಿರ ಡಾಲರ್ ದಂಡ ಬಿತ್ತು. ಹೀಗೇ ಮುಂದುವರಿದರೆ ಪಂದ್ಯಾವಳಿಯಿಂದಲೇ ಹೊರಹಾಕಬೇಕಾದೀತು ಎಂದು ನಾಲ್ಕೂ ಗ್ರ್ಯಾಂಡ್ ಸ್ಲಾಂಗಳ ಸಂಘಟಕರು ಎಚ್ಚರಿಸಿದರು. ಮರುದಿನ ಅವಳೇ ಹೊರನಡೆದಳು. 2018ರಿಂದಲೂ ಖಿನ್ನತೆಯಿಂದ ಬಳಲುತ್ತಿದ್ದೇನೆ ಎಂದು ಆಗ ಹೇಳಿಕೊಂಡಳು.

ಇನ್ನೊಂದು ದಂಡದ ಕಥೆ ನಮ್ಮದೇ ರಾಜ್ಯದ್ದು. 2019ರ ಜನವರಿಯಲ್ಲಿ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಟಿ.ವಿ. ಕಾರ್ಯಕ್ರಮವೊಂದರಲ್ಲಿ ನಗುನಗುತ್ತ ಮಾತಾಡಿದರು. ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಆಡಿದ ಮಾತಿಗೆ ದೇಶವೆಲ್ಲ ಸಿಟ್ಟಾಯಿತು. ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ಮನೆಗೆ ಕಳಿಸಿದರು. ಆಮೇಲೆ ತಲಾ 20 ಲಕ್ಷ ರೂಪಾಯಿ ದಂಡ. ಅದರಲ್ಲಿ 10 ಲಕ್ಷ ಹುತಾತ್ಮ ಅರೆಸೇನಾ ಯೋಧರ ಪತ್ನಿಯರಿಗೆ, 10 ಲಕ್ಷ ಅಂಧರ ಕ್ರಿಕೆಟ್ಟಿಗೆ ಕೊಡಬೇಕೆಂದು ಆದೇಶವಾಯಿತು.

ನೋಡಿ, ಅಲ್ಲಿ ಮಾತಾಡದ್ದಕ್ಕೆ ದಂಡ, ಇಲ್ಲಿ ಮಾತಾಡಿದ್ದಕ್ಕೆ ದಂಡ. ಆಡಿದರೂ ತಪ್ಪು, ಆಡದಿದ್ದರೂ ತಪ್ಪು ಎಂದ ಮೇಲೆ ಇಪ್ಪತ್ತು ವರ್ಷದ ಹುಡುಗ ಏನು ಮಾಡಬೇಕು? ಆದರೆ ಎರಡೂ ಒಂದೇ ಅಲ್ಲ. ಪತ್ರಿಕಾಗೋಷ್ಠಿಗೆ ಹೋಗುವುದು ಕರಾರಿನ ಕೆಲಸ. ಆ ಟಿ.ವಿ. ಕಾರ್ಯಕ್ರಮಕ್ಕೆ ಇವರು ಒಪ್ಪಿಕೊಂಡು ಹೋದವರು. ಒಪ್ಪಿಕೊಂಡು ಆಡಿದ ಮಾತಿನ ಹೊಣೆ ಅವರದೇ.

ಹಾಗಾದರೆ ಕರಾರು ಬೇಡವೇ? ನಾನು ಬೇಡ ಎನ್ನುವುದಿಲ್ಲ.

ದೊಡ್ಡ ಆಟಕ್ಕೆ ಹಣ ಬರುವುದು ನೋಡುವವರಿಂದ. ಟಿಕೆಟ್ ತೆಗೆಯುವವರು, ಟಿ.ವಿ. ಮುಂದೆ ಕೂರುವವರು, ಅವರನ್ನು ನಂಬಿ ಜಾಹೀರಾತು ಕೊಡುವವರು ಎಲ್ಲರೂ ಸೇರಿ ಆಟಗಾರನ ಪಗಾರ ಕೊಡುತ್ತಾರೆ. ಅವರ ಪರವಾಗಿ ನಾಲ್ಕು ಪ್ರಶ್ನೆ ಕೇಳುವುದು ವರದಿಗಾರನ ಕೆಲಸ. ಉತ್ತರ ಕೊಡುವುದು ಆ ಪಗಾರದ ಒಂದು ಭಾಗ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಮೈಕು ಎಷ್ಟೋ ಸಲ ಆಟಗಾರನಿಗೇ ಬಲ ಕೊಡುತ್ತದೆ. ಕಾಸರಗೋಡಿನ ಕುಂಬಳೆ ಮೂಲದ, ಬೆಂಗಳೂರಿನಲ್ಲಿ ಬೆಳೆದ ಅನಿಲ್ ಕುಂಬ್ಳೆ ಅವರನ್ನು ನೆನೆಸಿಕೊಳ್ಳಿ. 2008ರ ಜನವರಿ, ಸಿಡ್ನಿ ಟೆಸ್ಟ್. ಅಂಪೈರಿಂಗ್ ತಪ್ಪುಗಳು, ಆಟಗಾರರ ಜಗಳ, ಕೊನೆಯ ದಿನದ ಕೊನೆಯ ಹೊತ್ತಿನಲ್ಲಿ ಸೋಲು. ನಾಯಕ ಕುಂಬ್ಳೆ 45 ರನ್ ಹೊಡೆದು ಔಟಾಗದೆ ಉಳಿದಿದ್ದರು. ಪಂದ್ಯ ಮುಗಿದ ಮೇಲೆ ಪತ್ರಕರ್ತರ ಮುಂದೆ ಕೂತು, ದನಿ ಏರಿಸದೆ, ಎರಡು ತಂಡಗಳಲ್ಲಿ ಒಂದೇ ತಂಡ ಆಟದ ಧರ್ಮಕ್ಕೆ ತಕ್ಕಂತೆ ಆಡಿತು ಎಂದರು. ಬೈಗುಳ ಇಲ್ಲ, ಅಳು ಇಲ್ಲ. ಆ ಒಂದು ಮಾತು ಜಗತ್ತಿಗೆಲ್ಲ ಕೇಳಿಸಿತು. ಮುಂದಿನ ಟೆಸ್ಟನ್ನು ಪರ್ತ್‌ನಲ್ಲಿ ನಮ್ಮವರು 72 ರನ್ನಿನಿಂದ ಗೆದ್ದರು. ಸೋತ ದಿನ ಕುಂಬ್ಳೆ ಬಾಗಿಲು ಹಾಕಿಕೊಂಡು ಕೂತಿದ್ದರೆ ಆ ಮಾತು ಹುಟ್ಟುತ್ತಿರಲಿಲ್ಲ.

2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತು, ಕುಸ್ತಿ ಫೆಡರೇಷನ್ನಿನ ಅಂದಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಅವರ ಕೈಯಲ್ಲಿದ್ದ ಆಯುಧವೂ ಮೈಕೇ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಭಾರತದ ಗಂಡುಮಕ್ಕಳೂ ಗೆದ್ದರು, ಹೆಣ್ಣುಮಕ್ಕಳೂ ಗೆದ್ದರು. ಆ ತಂಡಗಳಲ್ಲಿ ನಮ್ಮ ರಾಜ್ಯದ ಗೌತಮ್ ಮತ್ತು ಚೈತ್ರಾ ಇದ್ದರು. ಸರ್ಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿಯನ್ನು ಅವರು ಸಾಲದು ಎಂದು ಒಲ್ಲೆವೆಂದರು, ಮಾಧ್ಯಮದ ಮುಂದೆಯೇ ಹೇಳಿದರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಮುಳ್ಳು ಆರಿಸಿ ಆಡುವ ಆಟದ ಮಕ್ಕಳು ಸರ್ಕಾರಕ್ಕೆ ಎದುರು ಮಾತಾಡುವ ಕಾಲ ಬಂತಲ್ಲ ಎಂದು ನನಗೆ ಖುಷಿಯಾಯಿತು.

ಆದರೆ ನಿಯಮಕ್ಕೆ ಒಂದು ಮಿತಿ ಇದೆ. ಅದು ಆಟಗಾರನನ್ನು ಕೂರಿಸಬಹುದು, ಮಾತಾಡಿಸಲಾರದು. 2015ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಮಾರ್ಷಾನ್ ಲಿಂಚ್ ಪತ್ರಕರ್ತರ ಮುಂದೆ ಕೂತು, ಯಾವ ಪ್ರಶ್ನೆ ಕೇಳಿದರೂ, ದಂಡ ಬೀಳಬಾರದು ಅಂತ ಬಂದಿದ್ದೇನೆ ಎಂದು ಅದೇ ಉತ್ತರ ಕೊಡುತ್ತ ಹೋದ. ನಿಯಮ ಪಾಲನೆಯಾಯಿತು, ಯಾರಿಗೂ ಏನೂ ಸಿಗಲಿಲ್ಲ.

ಕರಾರೇ ಇಲ್ಲದವರ ಗತಿ ಇನ್ನೊಂದು. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಓಟಗಾರ ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ ಇವರು ಉಸೇನ್ ಬೋಲ್ಟ್‌ಗಿಂತ ವೇಗ ಎಂದರು. ರಾತ್ರಿ ಕಳೆಯುವುದರೊಳಗೆ ಕೂಲಿ ಮಾಡಿ ಬದುಕುವ ಆ ಮನುಷ್ಯನ ಸುತ್ತ ದೇಶದ ಕ್ಯಾಮೆರಾಗಳು. ಕೇಂದ್ರದ ಮಂತ್ರಿಗಳು ಟ್ರಯಲ್ಸ್‌ಗೆ ಕರೆದರು. ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರಿನಲ್ಲಿ ಓಡುವವನು, ಎರಡನ್ನೂ ಹೋಲಿಸಬೇಡಿ ಎಂದು ಅವರು ಹೇಳಿದರು, ಟ್ರಯಲ್ಸ್‌ಗೆ ಹೋಗಲಿಲ್ಲ. ಅಷ್ಟು ಜನ ಮಾತಾಡಿದ್ದರಲ್ಲಿ ಸರಿಯಾದ ಮಾತು ಆಡಿದವರು ಅವರೊಬ್ಬರೇ ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕರಾರಿಗೆ ಸಹಿ ಹಾಕಿ ದುಡ್ಡು ತೆಗೆದುಕೊಳ್ಳುವ ದೊಡ್ಡವರು, ಅದರಲ್ಲೂ ನಾಯಕರು, ಜನರ ಮುಂದೆ ಬರಲೇಬೇಕು. ಗೆದ್ದಾಗ ಬಂದು ಸೋತಾಗ ಅಡಗುವುದು ಸರಿಯಲ್ಲ. ಆದರೆ ಪ್ರಶ್ನೆ ಆಟದ ಬಗ್ಗೆ ಇರಬೇಕು. ಮನೆ, ಮದುವೆ, ಜಾತಿ, ಮೈಬಣ್ಣದ ಬಗ್ಗೆ ಕೇಳಿದರೆ “ಇದಕ್ಕೆ ಉತ್ತರಿಸುವುದಿಲ್ಲ” ಎನ್ನುವ ಹಕ್ಕು ಅವರಿಗಿರಬೇಕು. ಮೈ ಅಥವಾ ಮನಸ್ಸು ಸರಿಯಿಲ್ಲ ಎಂದವರಿಗೆ, ಕಾಲು ಉಳುಕಿದವರಿಗೆ ಕೊಡುವಂತೆ ರಜೆ ಕೊಡಬೇಕು. ಮತ್ತು ಅವರು ತಮ್ಮ ಭಾಷೆಯಲ್ಲಿ ಮಾತಾಡಲಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಹಳ್ಳಿಯ ಹುಡುಗರು ಟಿ.ವಿ.ಯಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ. ಮೂರು ಜನರ ಹಿಡಿತದಿಂದ ಬಿಡಿಸಿಕೊಂಡು ಬರುವವನು ಇಂಗ್ಲಿಷ್ ಪ್ರಶ್ನೆಗೆ ಬೆವರುವುದನ್ನು ನೋಡಿದರೆ ಸಂಕಟವಾಗುತ್ತದೆ. ಅವನಿಗೆ ಬುದ್ಧಿ ಕಡಿಮೆಯಿಲ್ಲ, ಪ್ರಶ್ನೆಯ ಭಾಷೆ ಅವನದಲ್ಲ, ಅಷ್ಟೆ.

ಇದು ದೊಡ್ಡವರ ಮಾತಾಯಿತು. ಶಾಲೆಯ ಮಕ್ಕಳಿಗೆ ಯಾವ ಕರಾರೂ ಇಲ್ಲ, ಪಗಾರವೂ ಇಲ್ಲ. ಅವರು ಮಾತಾಡಲೇಬೇಕು ಎನ್ನುವ ಅಧಿಕಾರ ಯಾರಿಗೂ ಇಲ್ಲ. ನನ್ನ ಕಾಲದಲ್ಲಿ ತಾಲ್ಲೂಕಿಗೆ ನಾಲ್ಕೈದು ಜನ ವರದಿಗಾರರಿದ್ದೆವು. ಈಗ ಕುಷ್ಟಗಿಯಲ್ಲಾಗಲಿ, ಯಲಬುರ್ಗಾದಲ್ಲಾಗಲಿ, ಮೈದಾನದ ಸುತ್ತ ನಿಂತವರೆಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಬಿದ್ದ ಹುಡುಗ, ಅತ್ತ ಹುಡುಗಿ ಸಂಜೆಯೊಳಗೆ ಊರೂರಿನ ವಾಟ್ಸ್ಆ್ಯಪ್‌ನಲ್ಲಿ ಇರುತ್ತಾರೆ. ನಾನು ಮಾಡಿದ ತಪ್ಪು ಮರುದಿನದ ಪೇಪರಿಗೆ ಮುಗಿಯಿತು, ರದ್ದಿಗೆ ಹೋಯಿತು. ಈಗಿನದು ಅಳಿಸಿಹೋಗುವುದಿಲ್ಲ.

ಐವತ್ತು ತುಂಬಿದ ಈ ಶಾಲೆಗೆ, ಎಸ್‌ಡಿಎಂಸಿಯವರಿಗೆ ಮೂರು ಮಾತು ಬಿನ್ನವಿಸುತ್ತೇನೆ. ಒಂದು, ಪಂದ್ಯ ಮುಗಿದ ಅರ್ಧ ಗಂಟೆ ಮಕ್ಕಳ ಹತ್ತಿರ ಮೈಕು, ಮೊಬೈಲು ಯಾರೂ ತರಬಾರದು. ಮಕ್ಕಳು ನೀರು ಕುಡಿಯಲಿ, ಅಳುವವರು ಅತ್ತು ಮುಗಿಸಲಿ. ಎರಡು, ಮಗುವಿನ ಹೆಸರು, ಫೋಟೋ ಹೊರಗೆ ಹೋಗುವ ಮೊದಲು ಮಗುವನ್ನೂ ಮನೆಯವರನ್ನೂ ಕೇಳಬೇಕು. ಸೋತ ಸುದ್ದಿಯಲ್ಲಿ ತಂಡದ ಹೆಸರು ಸಾಕು. ಮೂರು, ಕ್ರೀಡೆಯ ಜೊತೆ ಮಾತನ್ನೂ ಕಲಿಸಿ. ಸೋಮವಾರದ ಪ್ರಾರ್ಥನೆಯಲ್ಲಿ ಗೆದ್ದ ತಂಡದಿಂದ ಒಬ್ಬರು, ಸೋತ ತಂಡದಿಂದ ಒಬ್ಬರು, ಮನಸ್ಸಿದ್ದವರು ಎರಡು ನಿಮಿಷ ಪಂದ್ಯದ ಬಗ್ಗೆ ಹೇಳಲಿ. ಉಳಿದವರು ಪ್ರಶ್ನೆ ಕೇಳಲಿ. ಹೇಗೆ ಕೇಳಬೇಕು ಎಂಬುದೂ ಕಲಿಯಬೇಕಾದ ವಿದ್ಯೆ. ಅದನ್ನು ನಾನು ಈ ಶಾಲೆಯಲ್ಲಿ ಕಲಿಯಲಿಲ್ಲ, ಸಂತೆಯಲ್ಲಿ ಗುರುಗಳ ಕೈಯಲ್ಲಿ ಬೈಸಿಕೊಂಡು ಕಲಿತೆ.

ಕೊನೆಯ ಮಾತು. ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ನಮ್ಮ ಶಾಲೆಯವಳೇ ಆದ್ದರಿಂದ ಇಂದು ಈ ಪೆಂಡಾಲಿನಲ್ಲಿ ಕೂತಿರಲೂಬಹುದು. ಕೂತಿದ್ದರೆ, ತಂಗೀ, ನನ್ನನ್ನು ಕ್ಷಮಿಸು. ಅಂದು ನಿನ್ನಿಂದ ಸೋಲಲಿಲ್ಲ. ದಯವಿಟ್ಟು ಯಾರೂ ತಿರುಗಿ ಹುಡುಕಬೇಡಿ, ಯಾರು ಎಂದು ಕೇಳಬೇಡಿ. ಅವಳು ನನಗೆ ಉತ್ತರ ಕೊಡಬೇಕಾಗಿಲ್ಲ. ಉತ್ತರ ಕೊಡಬೇಕಾದವನು ನಾನು.