ಡಾಕ್ಟರಿಗೆ ಸಂಬಳ ಕೊಡುವಂತಿಲ್ಲದ ಆಸ್ಪತ್ರೆ



ನಮ್ಮ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಸಂಬಳ ಯಾರು ಕೊಡಬೇಕೆಂಬುದು ನಮಗೆ ಪ್ರಶ್ನೆಯೇ ಅಲ್ಲ. ಅವರು ಡ್ಯೂಟಿಗೆ ಬಂದಿದ್ದಾರೋ ಇಲ್ಲವೋ ಎಂಬುದಷ್ಟೇ ನಮ್ಮ ಚಿಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಥೆಯೇ ಬೇರೆ. ಅಲ್ಲಿ 1945ರ ಕಾಯ್ದೆಯ ಪ್ರಕಾರ ಹಳ್ಳಿಗಾಡಿನ ಜನ ಒಟ್ಟಾಗಿ ಹಾಸ್ಪಿಟಲ್ ಡಿಸ್ಟ್ರಿಕ್ಟ್ ಕಟ್ಟಿಕೊಳ್ಳಬಹುದು. ನಮ್ಮ ಜಿಲ್ಲೆಯ ಲೆಕ್ಕವಲ್ಲ ಅದು. ತೆರಿಗೆ ಎತ್ತಿ ಆಸ್ಪತ್ರೆ ನಡೆಸುವುದಕ್ಕೆಂದೇ ಇರುವ ಸ್ಥಳೀಯ ಸಂಸ್ಥೆ. ಮತದಾರರೇ ಅದರ ಆಡಳಿತ ಮಂಡಳಿಯನ್ನು ಚುನಾಯಿಸುತ್ತಾರೆ. ಆ ಮಂಡಳಿ ನರ್ಸನ್ನು ನೇಮಿಸಬಹುದು, ಅಡುಗೆಯವರನ್ನು ನೇಮಿಸಬಹುದು. ಡಾಕ್ಟರನ್ನು ಮಾತ್ರ ಸಂಬಳಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ.

ಈ ನಿಷೇಧ ಹುಚ್ಚುತನದಿಂದ ಹುಟ್ಟಿದ್ದಲ್ಲ. ಕಳೆದ ಶತಮಾನದ ಆರಂಭದಲ್ಲಿ ರೈಲ್ವೆ, ಗಣಿ, ಮರಮುಟ್ಟಿನ ಕಂಪನಿಗಳು ಕೂಲಿಗಳಿಗಾಗಿ ತಮ್ಮದೇ ಡಾಕ್ಟರುಗಳನ್ನು ಇಟ್ಟುಕೊಂಡಿದ್ದವು. ಕೈ ಮುರಿದುಕೊಂಡವನನ್ನು ಮತ್ತೆ ಯಾವಾಗ ಕೆಲಸಕ್ಕೆ ಕಳಿಸಬೇಕು? ಡಾಕ್ಟರು ಅವನ ಮೂಳೆ ನೋಡಿ ಹೇಳಬೇಕೋ, ಧಣಿಯ ಮುಖ ನೋಡಿಯೋ? ವೈದ್ಯರಲ್ಲದವರ ಕಂಪನಿ ವೈದ್ಯವೃತ್ತಿ ನಡೆಸಕೂಡದು ಎಂಬ ನಿಯಮ ಈ ಅನುಮಾನದಿಂದಲೇ ಬಲಿತದ್ದು. 1938ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಪೆಸಿಫಿಕ್ ಹೆಲ್ತ್ ಕಾರ್ಪೊರೇಷನ್ ಮೊಕದ್ದಮೆಯಲ್ಲಿ ಇದನ್ನೇ ಎತ್ತಿಹಿಡಿಯಿತು.

ಅನುಮಾನ ನ್ಯಾಯವಾದದ್ದೇ. ಆದರೆ ಪೆಟ್ಟು ಬಿದ್ದದ್ದು ಯಾರಿಗೆ ನೋಡಿ. ದೊಡ್ಡ ಸಂಸ್ಥೆಗಳಿಗೆ ಒಳ್ಳೆಯ ವಕೀಲರಿದ್ದಾರೆ. ಅಲ್ಲಿನ ದೊಡ್ಡ ಆಸ್ಪತ್ರೆ ಸಂಸ್ಥೆಯಾದ ಕೈಸರ್‌ನ ಡಾಕ್ಟರುಗಳು ಆಸ್ಪತ್ರೆಯ ನೌಕರರಲ್ಲ. ಪರ್ಮನೆಂಟೆ ಎಂಬ ಪ್ರತ್ಯೇಕ ವೈದ್ಯರ ಬಳಗಕ್ಕೆ ಸೇರಿದವರು. ಎರಡರ ನಡುವೆ ಕರಾರಿದೆ, ಕಾನೂನಿಗೂ ತೃಪ್ತಿ. ವಿಶ್ವವಿದ್ಯಾಲಯಗಳ ಆಸ್ಪತ್ರೆಗಳಿಗೆ ವಿನಾಯಿತಿಯಿತ್ತು. ಸಿಕ್ಕಿಬಿದ್ದದ್ದು ಬೆಟ್ಟದ ಮೇಲಿನ ಪುಟ್ಟ ಆಸ್ಪತ್ರೆ. ಅಲ್ಲಿಗೆ ಬರುವ ಎಳೆಯ ಡಾಕ್ಟರು ಓದಿನ ಸಾಲ ತಲೆಯ ಮೇಲಿರುವಾಗಲೇ ಸ್ವಂತ ಕ್ಲಿನಿಕ್ ತೆರೆಯಬೇಕು: ಬಾಡಿಗೆ, ಗುಮಾಸ್ತರು, ವಿಮೆಯ ಕಂತು, ಬಿಲ್ಲಿನ ತಗಾದೆ ಎಲ್ಲವೂ ಅವರದೇ. ರೋಗಿಗಳಲ್ಲಿ ಬಹುಪಾಲು ಬಡವರು. ಅವರ ಪರವಾಗಿ ಸರ್ಕಾರದ ಮೆಡಿ-ಕ್ಯಾಲ್ ಯೋಜನೆ ಕೊಡುವ ಹಣ ಕಡಿಮೆ. ಯಾರು ಬರುತ್ತಾರೆ?

2003ರಲ್ಲಿ ಶಾಸನಸಭೆ ಎಸ್‌ಬಿ 376 ಎಂಬ ಮಸೂದೆಯ ಮೂಲಕ, ಇಂಥ ಆಸ್ಪತ್ರೆಗಳು ಡಾಕ್ಟರನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಪ್ರಯೋಗಕ್ಕೆ ಒಪ್ಪಿತು. ಒಪ್ಪಿದ ರೀತಿ ಮಾತ್ರ ನಗು ತರಿಸುವಂಥದ್ದು. ಇಡೀ ರಾಜ್ಯಕ್ಕೆ 20 ಡಾಕ್ಟರು, ಒಂದು ಆಸ್ಪತ್ರೆಗೆ ಹೆಚ್ಚೆಂದರೆ 2, ಕರಾರು 4 ವರ್ಷ ಮೀರಕೂಡದು. ನಾಲ್ಕು ವರ್ಷದ ನೌಕರಿಗಾಗಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ ಹತ್ತುವವರು ಯಾರು? 5 ಆಸ್ಪತ್ರೆಗಳು 6 ಡಾಕ್ಟರನ್ನು ನೇಮಿಸಿಕೊಂಡವು, ಅಷ್ಟೇ. ಆರು ಜನರ ಅನುಭವದಿಂದ ಪರವಾಗಿ ಆಗಲಿ ವಿರೋಧವಾಗಿ ಆಗಲಿ ಏನನ್ನೂ ಸಾಧಿಸಿ ತೋರಿಸುವಂತಿರಲಿಲ್ಲ. 2010ರ ಕೊನೆಗೆ ಪ್ರಯೋಗದ ಗಡುವು ಮುಗಿಯಿತು. ಸೋಲಲೆಂದೇ ಅಳತೆ ಹಿಡಿದು ಹೊಲಿದ ಅಂಗಿ ಅದು ಎಂದು ನನಗೆ ಅನ್ನಿಸುತ್ತದೆ.

2016ರ ಕಾಯ್ದೆ ಇದಕ್ಕಿಂತ ಜಾಣತನದ್ದು. ತಲೆ ಎಣಿಸುವುದನ್ನು ಬಿಟ್ಟು, ಕೇಂದ್ರ ಸರ್ಕಾರ ‘ಕ್ರಿಟಿಕಲ್ ಆಕ್ಸೆಸ್’ ಎಂದು ಗುರುತಿಸಿದ ಆಸ್ಪತ್ರೆಗಳಿಗೆ, ಅಂದರೆ 25 ಹಾಸಿಗೆ ಮೀರದ ದೂರದೂರದ ಆಸ್ಪತ್ರೆಗಳಿಗೆ, ಅನುಮತಿ ಕೊಟ್ಟಿತು. ಜೊತೆಗೆ ಎರಡು ಷರತ್ತು. ಈ ನೇಮಕದಿಂದ ಊರಿಗೆ ಒಳಿತು ಎಂದು ಆಸ್ಪತ್ರೆಯ ವೈದ್ಯವೃಂದವೇ ಮತ ಹಾಕಿ ಒಪ್ಪಬೇಕು. ಚಿಕಿತ್ಸೆಯ ತೀರ್ಮಾನದಲ್ಲಿ ಆಡಳಿತ ಕೈಹಾಕಕೂಡದು. ಹಳೆಯ ಭಯಕ್ಕೆ ಸರಿಯಾದ ಉತ್ತರ ಈ ಎರಡನೆಯದು. ಸಂಬಳದ ಚೀಟಿ ಯಾರ ಹೆಸರಿನಲ್ಲಿ ಬರುತ್ತದೆ ಎಂಬುದಕ್ಕಿಂತ, ರೋಗಿಯ ಮುಂದೆ ಕುಳಿತಾಗ ಡಾಕ್ಟರಿಗೆ ಯಾರು ಅಪ್ಪಣೆ ಕೊಡುತ್ತಾರೆ ಎಂಬುದನ್ನು ಕಾನೂನು ಕೇಳಬೇಕಿತ್ತು. ಕೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಆ ಅನುಮತಿಯೂ 2024ರ ಜನವರಿ 1ಕ್ಕೆ ಮುಗಿಯಬೇಕಿತ್ತು. 2023ರಲ್ಲಿ ಎಬಿ 242 ಆ ಗಡುವನ್ನು ಕಿತ್ತುಹಾಕಿ ಅದನ್ನು ಕಾಯಂ ಮಾಡಿತು. ಆ ಕಾಯ್ದೆಯ ನೆರಳು ಬಿದ್ದದ್ದು ಈ ಪುಟ್ಟ ಆಸ್ಪತ್ರೆಗಳ ಮೇಲೆ ಮಾತ್ರ. ಡಿಸ್ಟ್ರಿಕ್ಟಿನ ಆಸ್ಪತ್ರೆಯೇ ಆಗಿದ್ದರೂ 25ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಅದಕ್ಕೆ ಈ ಬಾಗಿಲು ತೆರೆಯಲಿಲ್ಲ.